ಡ್ರಾಪ್ ತಗೊಂಡ ತಮ್ಮ

ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಹಳೆಯ ಸ್ಟಿಕ್ಕರಿನ ಅಂಟನ್ನು ತಿಕ್ಕಿ ತೆಗೆಯುವಾಗ ಒಂದು ವಾಸನೆ ಬರುತ್ತದೆ. ಅರ್ಧ ಪೆಟ್ರೋಲಿನದು, ಅರ್ಧ ಸೀದ ಬೆಲ್ಲದ್ದು. ದಾಂಡೇಲಿಯಲ್ಲಿ ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಹಚ್ಚುವ ಅಂಗಡಿ ಇಟ್ಟುಕೊಂಡ ನನಗೆ ಅದು ದಿನದ ವಾಸನೆ. ಬೇರೆಯವರಿಗೆ ಹಳೆಯ ನೆನಪು ವರ್ಷಕ್ಕೊಮ್ಮೆ ಯಾವುದೋ ಹೂವಿನಿಂದಲೋ ಮಣ್ಣಿನಿಂದಲೋ ಬರುತ್ತದಂತೆ. ನನ್ನದು ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಒಳಗೆ ಬಂದು ಸ್ಟೂಲಿನ ಮೇಲೆ ಕೂಡುತ್ತದೆ.

ಹೋದ ತಿಂಗಳು ಅದೇ ವಾಸನೆ ಮುಂಡಗೋಡದ ಹೊರಗಿನ ಪಂಕ್ಚರ್ ಅಂಗಡಿಯಿಂದ ಬಂತು. ನಾನು ಅಣ್ಣನ ಹಿಂದೆ ಗಾಡಿಯ ಮೇಲೆ ಕುಳಿತಿದ್ದೆ. ಅದೇ ಬೇವಿನ ಮರ, ಅದೇ ಮುರುಕು ಬೆಂಚು. ನನಗೆ ಚಳಿಯಲ್ಲೂ ಕಿವಿ ಬಿಸಿಯಾಯಿತು. ಅದು ಯಾಕೆ ಎಂದು ಹೇಳಬೇಕಾದರೆ ಎಷ್ಟೋ ವರ್ಷಗಳ ಹಿಂದಿನ ಒಂದು ಚಳಿಗಾಲವನ್ನು ಹೇಳಬೇಕು.

ನನ್ನ ಶಾಲೆ ಏಳನೇ ಇಯತ್ತೆಗೆ ಮುಗಿದಿತ್ತು. ಅಕ್ಷರ ಬರೆಯುವುದಕ್ಕಿಂತ ಅಕ್ಷರದ ಚಿತ್ರ ಬಿಡಿಸುವುದು ನನಗೆ ಸುಲಭ. ಅದನ್ನು ಮೊದಲು ಕಂಡವನು ಅಣ್ಣ ಶಂಕರ. ನನ್ನ ಕೈ ಹಿಡಿದು ರಫೀಕಭಾಯಿಯ ರೇಡಿಯಂ ಅಂಗಡಿಗೆ ಕರೆದೊಯ್ದು, "ಇವ ಓದಂಗಿಲ್ರಿ, ಆದ್ರ ಬರೀತಾನ" ಎಂದು ಬಿಟ್ಟು ಬಂದಿದ್ದ. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಕಾಗದದ ಗಿರಣಿಯಲ್ಲಿ ಗುತ್ತಿಗೆಯ ಮೇಲೆ ಕಟ್ಟಿಗೆ ಇಳಿಸುವ ಕೆಲಸ ಹಿಡಿದಿದ್ದ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಸಹಿ ಮಾಡುವಾಗ ನಾಲಿಗೆ ಹೊರಗೆ ಬರುತ್ತಿತ್ತು.

ಆ ವರ್ಷ ದಸರೆಗೆ ಮುಂಚೆ ದಾಂಡೇಲಿಯ ಹುಡುಗರಿಗೆಲ್ಲ ಸಣ್ಣ ನಂಬರ್ ಪ್ಲೇಟಿನ ಹುಚ್ಚು ಹಿಡಿದಿತ್ತು. ನಂಬರು ಎಷ್ಟು ಸಣ್ಣದೋ ಗಾಡಿ ಅಷ್ಟು ಸ್ಟೈಲು. ಬಂಗೂರನಗರದ ಕಾಲೇಜು ಹುಡುಗನೊಬ್ಬ ಕೈಯ ಕಿರುಬೆರಳನ್ನು ತೋರಿಸಿ, "ಇದರ ಉಗುರಿನಷ್ಟ ಇರ್ಲಿ ಬಸು" ಎಂದಿದ್ದ. ನಾನು ಉಗುರಿಗಿಂತ ಸಣ್ಣದು ಮಾಡಿ ಕೊಟ್ಟೆ. ಉಳಿದ ಜಾಗದಲ್ಲಿ ದೇವರ ಹೆಸರು, ಹುಲಿ, ತಲೆಬುರುಡೆ, ಬಿಟ್ಟುಹೋದ ಹುಡುಗಿಯ ಮೊದಲ ಅಕ್ಷರ. ಪ್ರತಿ ಪ್ಲೇಟಿನ ಮೂಲೆಯಲ್ಲಿ 'ಬಸು ಆರ್ಟ್ಸ್, ದಾಂಡೇಲಿ' ಎಂದು ಬರೆಯುವುದು ನನ್ನ ಪದ್ಧತಿ. ಅಂಗಡಿ ರಫೀಕಭಾಯಿಯದು, ಕೈ ನನ್ನದಲ್ಲವೇ?

ದೀಪಾವಳಿ ಕಳೆದ ಮೇಲೆ ಗಾಳಿ ತಿರುಗಿತು. ಪೊಲೀಸರು ಒಮ್ಮೆಲೇ ಎಲ್ಲ ಕಡೆ ನಿಂತರು. ಹಳಿಯಾಳದ ಸರ್ಕಲ್ಲಿನಲ್ಲಿ ಹಿಡಿದರಂತೆ, ಜೋಯಿಡಾದ ತಿರುವಿನಲ್ಲಿ ಹಿಡಿದರಂತೆ. ಕದ್ದ ಗಾಡಿಯ ಗುರುತು ಸಿಗುವುದಿಲ್ಲ, ಗುದ್ದಿ ಓಡಿದವನ ಗುರುತು ಸಿಗುವುದಿಲ್ಲ, ಆದ್ದರಿಂದ ನಂಬರು ಕಣ್ಣಿಗೆ ಕಾಣಬೇಕು ಎಂದು ಅವರ ಮಾತು. ತಪ್ಪೇನಲ್ಲ. ಜೋಯಿಡಾದಿಂದ ಬಂದ ಗಿರಾಕಿಯೊಬ್ಬ ದಂಡದ ಚೀಟಿಯನ್ನು ನನ್ನ ಮುಂದೆ ಆಡಿಸಿ, "ತುವೇಂಚ ಕೆಲ್ಲೆಂ ರೇ ಬಾಬಾ!" ಎಂದು ಅವನ ಕೊಂಕಣಿಯಲ್ಲಿ ಕೂಗಾಡಿ ಹೋದ. ನೀನೇ ಮಾಡಿದ್ದು ಎಂದು. ಮರುದಿನ ಅವನೇ ಬಂದು ದೊಡ್ಡ ನಂಬರಿನ ಪ್ಲೇಟು ಮಾಡಿಸಿಕೊಂಡ. ಸಣ್ಣದು ಮಾಡಿದವನೂ ನಾನೇ, ಅದನ್ನು ಕಿತ್ತು ದೊಡ್ಡದು ಮಾಡಿದವನೂ ನಾನೇ. ರಫೀಕಭಾಯಿ ಮಾತ್ರ, "ಬಸು, ಎರಡೂ ಕಡೆ ಕಡಿಯೂ ಕತ್ತರಿ ನೀನು. ಒಂದಿನ ಬೆರಳು ಸಿಗತೈತಿ ನೋಡಕೋ" ಎಂದಿದ್ದ.

ಆ ಹೊತ್ತಿನಲ್ಲಿ ಅಣ್ಣನಿಗೆ ಕನ್ಯಾ ಹುಡುಕುತ್ತಿದ್ದೆವು. ಮೊದಲು ನೋಡಿದ ಮೂರು ಕಡೆಯೂ ಒಂದೇ ಪ್ರಶ್ನೆ: "ಪರ್ಮನೆಂಟ್ ಏನ್ರಿ?" ಅಣ್ಣನದು ಒಂದೇ ಉತ್ತರ: "ಇಲ್ರಿ, ಕಾಂಟ್ರಾಕ್ಟ್." ಅಲ್ಲಿಗೆ ಚಹಾ ಮುಗಿಯುತ್ತಿತ್ತು. ಸ್ವಲ್ಪ ಸುತ್ತಿ ಬಳಸಿ ಹೇಳೆಂದು ಅವ್ವ ಎಷ್ಟು ಕಲಿಸಿದರೂ ಅವನ ಬಾಯಿಗೆ ಬರಲಿಲ್ಲ. ಈಗ ಮುಂಡಗೋಡದಲ್ಲಿದ್ದ ಸೋದರಮಾವ ಅದೇ ತಾಲೂಕಿನ ಇಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸಂಬಂಧ ಹುಡುಕಿದ್ದ. ಹುಡುಗಿಯ ಹೆಸರು ರೇಣುಕಾ. ಅವಳ ಅಪ್ಪನದು ಒಂದೇ ಹಟ, ನೌಕರಿ ಹೆಂಗೇ ಇರಲಿ, ಹುಡುಗ ಸುಳ್ಳು ಹೇಳುವವನಾಗಬಾರದು. ಹಿರಿಯ ಮಗಳನ್ನು ಕೊಟ್ಟ ಕಡೆ ಅವರು ಸುಳ್ಳು ನಂಬಿ ಸೋತಿದ್ದರು.

"ಈ ಸಲ ಆಗ್ತೈತಿ," ಅಂದಳು ಅವ್ವ. "ಸುಳ್ಳು ಹೇಳಂದ್ರೂ ಹೇಳದ ಮಗನ್ನ ಹಡದೇನಿ."

ಸಣ್ಣ ಮಗನ ಬಗ್ಗೆ ಅವಳು ಏನೂ ಹೇಳಲಿಲ್ಲ.

ಅಣ್ಣನ ಗಾಡಿ ಗಿರಣಿಯ ನಿವೃತ್ತ ಫಿಟ್ಟರೊಬ್ಬರಿಂದ ಕೊಂಡ ಹಳೆಯದು. ಕನ್ಯಾ ನೋಡಲು ಹೋಗುವ ಗಾಡಿಗೆ ತುಕ್ಕು ಹಿಡಿದ ಪ್ಲೇಟೇ? ಶನಿವಾರ ಸಂಜೆ ಅಣ್ಣನಿಗೆ ಹೇಳದೆ ಗಾಡಿಯನ್ನು ಅಂಗಡಿಗೆ ಒಯ್ದು ನನ್ನ ಜೀವಮಾನದ ಪ್ಲೇಟು ಮಾಡಿದೆ. ಮೇಲೆ ಬೆಂಕಿಯ ಬಣ್ಣದಲ್ಲಿ ಯಲ್ಲಮ್ಮನ ಹೆಸರು. ನಡುವೆ ನಮ್ಮ ಕಾಡಿನ ಮಂಗಟ್ಟೆ ಹಕ್ಕಿ, ಹಳದಿ ಕೊಕ್ಕು ಪ್ಲೇಟಿನ ಈ ತುದಿಯಿಂದ ಆ ತುದಿಗೆ. ಕೊಕ್ಕಿನ ಕೆಳಗೆ ಉಳಿದ ಜಾಗದಲ್ಲಿ ನಂಬರು. ಪೊಲೀಸರು ಹಿಡಿಯುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಚಿತ್ರ ಚೆನ್ನಾಗಿ ಬಂದಿತ್ತು. ಮೂಲೆಯಲ್ಲಿ ನನ್ನ ಹೆಸರು ಹಾಕಿದೆ. ಹೆಮ್ಮೆಯಲ್ಲಿ ಅದು ತುಸು ದೊಡ್ಡದೇ ಆಯಿತು.

ರವಿವಾರ ಬೆಳಿಗ್ಗೆ ಅಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದು ಗಾಡಿಯ ಹಿಂದೆ ಬಗ್ಗಿ ನಿಂತ.

"ಹಕ್ಕಿ ಚಲೋ ಬಂದೈತಿ. ನಂಬರ್ ಎಲ್ಲೈತೋ?"

"ಹತ್ರ ಬಂದ್ ನೋಡು."

"ಇನ್ನೆಷ್ಟ್ ಹತ್ರ ಬರ್ಲಿ? ಮೂಗು ತಾಗಾಕತ್ತೈತಿ."

"ಈಗ ಎಲ್ಲಾರೂ ಹಿಂಗ ಹಾಕಸ್ತಾರಣ್ಣಾ. ಏನೂ ಆಗಂಗಿಲ್ಲ."

ಅವನು ನಂಬಿದ. ನಾನು ಹೇಳಿದ್ದನ್ನು ನಂಬುವುದು ಅವನಿಗೆ ರೂಢಿಯಾಗಿತ್ತು.

ಅವ್ವ ಮುಂಚೆಯೇ ಬಸ್ಸಿಗೆ ಹೋಗಿದ್ದಳು. ನಾವು ಗಾಡಿಯ ಮೇಲೆ ಹೊರಟೆವು. ಕೊರೆಯುವ ಚಳಿ. ಹಳಿಯಾಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಸರ್ಕಲ್ಲಿನಲ್ಲಿ ಖಾಕಿ ಕಂಡಿತು. "ಅಣ್ಣಾ, ಟ್ರ್ಯಾಕ್ಟರಿನ ಮಗ್ಗಲಕ ಹೋಗು, ಗಾಳಿ ಬಡಿಯಂಗಿಲ್ಲ" ಎಂದೆ. ಕಬ್ಬಿನ ಮರೆಯಲ್ಲಿ ದಾಟಿದೆವು. ಅಣ್ಣನಿಗೆ ಗಾಳಿ ತಪ್ಪಿತು, ನನಗೆ ಗಂಡಾಂತರ ತಪ್ಪಿತು. ಯಲ್ಲಾಪುರದ ಕಡೆಯಿಂದ ಬಂದು ಮುಂಡಗೋಡ ಸೇರಿ, ಹಣ್ಣು ಕೊಂಡು, ಇಂದೂರಿನ ರಸ್ತೆ ಹಿಡಿದೆವು. ಎರಡೂ ಕಡೆ ಭತ್ತ ಕೊಯ್ದ ಗದ್ದೆ. ಅರ್ಧ ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿದ್ದರು, ಉಳಿದರ್ಧದಲ್ಲಿ ಎಲ್ಲ ಗಾಡಿಗಳೂ ಒಂದೇ ಸಾಲಾಗಿ ಹೋಗಬೇಕು. ಪೊಲೀಸರು ಜಾಣರು. ಆ ಸಾಲಿನ ತುದಿಯಲ್ಲೇ, ಪಂಕ್ಚರ್ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ ನಿಂತಿದ್ದರು. ಇಲ್ಲಿ ಮರೆಯಾಗಲು ಕಬ್ಬೂ ಇರಲಿಲ್ಲ.

ಹವಾಲ್ದಾರರ ಕೈಯಲ್ಲಿ ಒಂದು ಗುಲಾಬಿ ಬಣ್ಣದ ಸ್ಕೇಲು. ಮಗಳ ಕಂಪಾಸ್ ಬಾಕ್ಸಿನಿಂದ ತಂದದ್ದಿರಬೇಕು, ಅದರ ಮೇಲೆ ಚಿಟ್ಟೆಗಳಿದ್ದವು. ನಮ್ಮ ಮುಂದೆ ಹಿರಿಯರೊಬ್ಬರು ತಮ್ಮ ಮೊಪೆಡ್ಡಿನ ಹಿಂದೆ ಹಾಲಿನ ಕ್ಯಾನುಗಳನ್ನು ನೇತುಹಾಕಿಕೊಂಡು ನಿಂತಿದ್ದರು. ಕ್ಯಾನುಗಳ ಮರೆಯಲ್ಲಿ ಅವರ ನಂಬರು ಪೂರಾ ಮುಚ್ಚಿತ್ತು.

"ನಂಬರ್ ಐತ್ರಿ ಸಾಹೇಬ್ರ. ಹಾಲ ಹಾಕಿ ಬಂದ್ ಮ್ಯಾಲ ಕಾಣತೈತಿ," ಎನ್ನುತ್ತಿದ್ದರು ಅವರು.

ಅಣ್ಣ ಗಾಡಿ ನಿಲ್ಲಿಸಿ ಇಳಿದವನೇ ಆ ತುಂಬಿದ ಕ್ಯಾನುಗಳನ್ನು ಎತ್ತಿ ಪಕ್ಕಕ್ಕೆ ಕಟ್ಟಿಕೊಟ್ಟ. ಯಾರೂ ಹೇಳಿರಲಿಲ್ಲ. ಹಿರಿಯರಿಗೆ ಬಿಡುಗಡೆಯಾಯಿತು. ಆದರೆ ಅವರು ಹೋಗಲಿಲ್ಲ. ಬೇರೆಯವರದು ಏನಾಗುತ್ತದೆ ಎಂದು ನೋಡಲು ಮುರುಕು ಬೆಂಚಿನ ಮೇಲೆ ಕುಳಿತರು.

ಹವಾಲ್ದಾರರು ನಮ್ಮ ಗಾಡಿಯ ಹಿಂದೆ ಬಂದು ಬಗ್ಗಿದರು. ಸ್ಕೇಲು ಇಟ್ಟರು. ತೆಗೆದರು. ಕನ್ನಡಕ ಹಾಕಿ ಮತ್ತೆ ಇಟ್ಟರು.

"ಏನಿದು?"

"ಮಂಗಟ್ಟಿ ಹಕ್ಕಿ ರೀ," ಎಂದ ಅಣ್ಣ.

"ಹಕ್ಕಿ ನನಗೂ ಗುರ್ತ ಸಿಕ್ತಪಾ. ನಾಳೆ ನೀ ಯಾರಿಗರ ಗುದ್ದಿ ಹೋದ್ರ ನಾ ಹಕ್ಕಿ ಹುಡಕ್ಕೋತ ಅತ್ತಿವೇರಿ ಪಕ್ಷಿಧಾಮಕ್ಕ ಹೋಗ್ಲೇನು?"

ಬೆಂಚಿನ ಹಿರಿಯರು ನಕ್ಕರು. ಹವಾಲ್ದಾರರ ಸ್ಕೇಲು ಮೂಲೆಗೆ ಜರುಗಿತು.

"ಬಸು ಆರ್ಟ್ಸ್, ದಾಂಡೇಲಿ. ಭಲೇ. ನಂಬರಿಗಿಂತ ಇವನ ಹೆಸರ ದೊಡ್ಡದೈತಿ! ಈ ತಿಂಗಳದಾಗ ಈ ಹೆಸರ ಎಷ್ಟ ಗಾಡಿ ಮ್ಯಾಲ ನೋಡೇನಂತಿ. ಈ ಮಗನ್ನ ಒಮ್ಮೆ ಠಾಣೆಕ್ಕ ಕರಿಸಿ ಇದ ಸ್ಕೇಲಿಲೆ ನಾಲ್ಕ ಕೊಡಬೇಕು. ಯಾರಿವ, ಗೊತ್ತೇನು ನಿನಗ?"

ಅಣ್ಣ ಬಾಯಿ ತೆರೆಯುವ ಮುಂಚೆ ನಾನು ಬಾಯಿ ತೆರೆದೆ. ಈಗಲೂ ಆ ಮಾತು ಯಾರ ಗಂಟಲಿನಿಂದ ಬಂತೋ ಅನಿಸುತ್ತದೆ.

"ಸಾಹೇಬ್ರ, ನಾ ಇವರ ಜೋಡಿ ಅಲ್ರಿ. ಯಲ್ಲಾಪುರದಾಗ ಡ್ರಾಪ್ ತಗೊಂಡೇನ್ರಿ. ಇವರು ಯಾರೋ ನನಗ ಗೊತ್ತಿಲ್ಲ."

ಅಣ್ಣ ತಿರುಗಿ ನೋಡಿದ. ಒಂದೇ ಸಲ. ಸಿಟ್ಟಿರಲಿಲ್ಲ. ಬಸ್ಸು ತಪ್ಪಿಹೋದವನು ಅದರ ಹಿಂಭಾಗವನ್ನು ನೋಡುವ ಹಾಗೆ ನೋಡಿದ. ಆಮೇಲೆ ಹವಾಲ್ದಾರರ ಕಡೆ ತಿರುಗಿ, "ಗಾಡಿ ನಂದ್ರಿ. ತಪ್ಪೂ ನಂದ" ಎಂದ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿತ್ತು.

ಹವಾಲ್ದಾರರು ಚೀಟಿ ಹರಿದು ಕೊಟ್ಟು, ಕೀಲಿ ಕಿಸೆಗೆ ಹಾಕಿಕೊಂಡರು. "ನೆಟ್ಟಗ ಕಾಣೂ ನಂಬರ್ ಹಾಕಿ ತೋರ್ಸು, ಕೀಲಿ ತಗೊಂಡ ಹೋಗು."

"ಸಾಹೇಬ್ರ, ಕನ್ಯಾ ನೋಡಾಕ ಹೊಂಟೇನ್ರಿ. ರಾಹುಕಾಲ ಬರೂದ್ರೊಳಗ ಮನಿ ಮುಟ್ಟಬೇಕು."

"ಹಂಗಾದ್ರ ಲಗೂ ಬರಿ. ರವಿವಾರ, ರೇಡಿಯಂ ಅಂಗಡಿ ಬಂದ್ ಅದಾವು. ಇಲ್ಲಿ ಯಾರಿಗರ ನಂಬರ್ ಬರಿಯಾಕ ಬರತೈತೇನ್ರಪಾ?"

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ದಾಂಡೇಲಿ, ಹಳಿಯಾಳ, ಜೋಯಿಡಾಗಳ ನಂಬರು ಬರೆಯುವ ಕೈ ಅಲ್ಲೇ, ಎರಡು ಮಾರು ದೂರದಲ್ಲಿ, ಪ್ಯಾಂಟಿನ ಕಿಸೆಯೊಳಗೆ ಇತ್ತು. ಹೊರಗೆ ಬರಲಿಲ್ಲ. ಬಂದರೆ ಡ್ರಾಪ್ ತಗೊಂಡವನಿಗೆ ಈ ಕೈ ಎಲ್ಲಿಂದ ಬಂತು ಎಂದು ಕೇಳುತ್ತಾರಲ್ಲ?

ಆಗಲೇ ನನ್ನ ಮೊಬೈಲು ಬಡಿದುಕೊಂಡಿತು. ಅವ್ವ.

"ಎಲ್ಲದೀರೋ? ಇಲ್ಲಿ ಎಲ್ಲಾರೂ ದಾರಿ ಕಾಯಾಕತ್ತಾರ. ಅಣ್ಣನ ಕೈಯಾಗ ಕೊಡು!"

ಅವ್ವನ ದನಿಗೆ ಮೊಬೈಲು ನೆಪ ಮಾತ್ರ. ಬೆಂಚಿನ ಮೇಲಿದ್ದ ಹಿರಿಯರು ಕಿವಿ ನಿಮಿರಿಸಿದರು.

"ರಾಂಗ್ ನಂಬರ್ ರೀ," ಎಂದು ಕಟ್ ಮಾಡಿದೆ.

ಮರುಕ್ಷಣ ಅಣ್ಣನ ಮೊಬೈಲು ಬಡಿಯಿತು. ಅವನು ಅತ್ತ ತಿರುಗಿ ಮೆಲ್ಲಗೆ, "ಏನಿಲ್ಲವ್ವಾ... ಹೌದು, ತಲಿ ತಿರಗೈತಿ ಅವಗ... ಬರ್ತೇವಿ" ಎಂದ.

ಪಂಕ್ಚರ್ ಅಂಗಡಿಯವನು ಒಂದು ಡಬ್ಬಿಯ ತಳದ ಕರಿ ಬಣ್ಣ ಮತ್ತು ಹಲ್ಲು ಉದುರಿದ ಬ್ರಷ್ ಕೊಟ್ಟ. ಅಣ್ಣ ಪ್ಲೇಟು ಬಿಚ್ಚಿ, ಪೆಟ್ರೋಲಿನ ಅರಿವೆಯಿಂದ ನನ್ನ ಹಕ್ಕಿಯನ್ನು ತಿಕ್ಕಿದ. ಮೊದಲು ಕೊಕ್ಕು ಹೋಯಿತು. ಆಮೇಲೆ ರೆಕ್ಕೆ, ಬಾಲ. ಕಡೆಗೆ ನನ್ನ ಹೆಸರು. ಯಲ್ಲಮ್ಮನ ಹೆಸರನ್ನು ತೆಗೆಯುವ ಮುಂಚೆ ಮಾತ್ರ ಕೈ ಮುಗಿದ. ಆ ವಾಸನೆಯೇ ನಾನು ಹೇಳಿದ್ದು.

ಬೆಂಚಿನ ಒಂದು ತುದಿಯಲ್ಲಿ ಪ್ಲೇಟು ಇಟ್ಟುಕೊಂಡು ಅವನು ಬರೆಯತೊಡಗಿದ. ನಾಲಿಗೆ ಹೊರಗೆ ಬಂತು. ಮೂರು ಎಡಕ್ಕೆ ವಾಲಿತು. ಎಂಟರ ಹೊಟ್ಟೆ ಕೆಳಗೆ ಜಗ್ಗಿತು. ಏಳು ಅದರ ಹೆಗಲ ಮೇಲೆ ಕೈ ಹಾಕಿ ನಿಂತಿತು. ಹಬ್ಬ ಮುಗಿಸಿ ಮನೆಗೆ ಹೊರಟ ಕುಡುಕರ ಸಾಲಿನಂತೆ ಆ ಅಂಕಿಗಳು. ನಾನು ಮನಸ್ಸಿನಲ್ಲೇ ಒಂದೊಂದನ್ನೂ ನೆಟ್ಟಗೆ ಮಾಡುತ್ತ ನಿಂತಿದ್ದೆ. ಕಿಸೆಯೊಳಗೆ ಬೆರಳುಗಳು ತಾವೇ ಅಲ್ಲಾಡುತ್ತಿದ್ದವು. ಬಿಳಿ ಅಂಗಿಯ ತೋಳಿಗೆ ಕರಿ ಬಣ್ಣ ತಗುಲಿತು. ಅದನ್ನು ಒರೆಸಲು ಹೋಗಿ ಎದೆಗೂ ಹಚ್ಚಿಕೊಂಡ.

ಹವಾಲ್ದಾರರು ಸ್ಕೇಲು ಇಟ್ಟು ನೋಡಿ, "ಸೊಟ್ಟೈತಿ, ಆದ್ರ ಹಳಿಯಾಳದಿಂದನ ಕಾಣತೈತಿ. ಹೋಗು, ಚಲೋ ಆಗ್ಲಿ" ಎಂದು ಕೀಲಿ ಕೊಟ್ಟರು.

ಅಣ್ಣ ಗಾಡಿ ಚಾಲೂ ಮಾಡಿ ನನ್ನ ಮುಂದೆ ತಂದು ನಿಲ್ಲಿಸಿದ. ಎಲ್ಲರೂ ನೋಡುತ್ತಿದ್ದರು.

"ನಿಮ್ಮನ್ನ ಎಲ್ಲಿ ಬಿಡ್ಲಿರಿ?" ಎಂದು ಬಹುವಚನದಲ್ಲಿ ಕೇಳಿದ.

"ಇಂದೂರಿಗ್ರಿ," ಎಂದೆ ನಾನೂ ಬಹುವಚನದಲ್ಲಿ.

ದಾರಿಯಲ್ಲಿ ಕ್ಷಮಿಸು ಅನ್ನಬೇಕೆಂದು ನಾಲ್ಕಾರು ಸಲ ಬಾಯಿ ತೆರೆದೆ. ಎದುರುಗಾಳಿಗೆ ಬಾಯಿ ಒಣಗಿತೇ ಹೊರತು ಮಾತು ಬರಲಿಲ್ಲ.

ರೇಣುಕಾಳ ಮನೆಯ ಅಂಗಳದಲ್ಲಿ ಒಂದು ಮೊಪೆಡ್ ಬಂದು ನಿಂತಿತ್ತು, ಪಕ್ಕಕ್ಕೆ ಕಟ್ಟಿದ ಹಾಲಿನ ಕ್ಯಾನುಗಳ ಸಮೇತ. ಒಳದಾರಿ ಹಿಡಿದು ನಮಗಿಂತ ಮುಂಚೆ ಮುಟ್ಟಿದ್ದರು. ಪಡಸಾಲೆಯ ಕಂಬಳಿಯ ಮೇಲೆ, ಹುಡುಗಿಯ ಅಪ್ಪನ ಮಗ್ಗುಲಲ್ಲಿ, ಬೆಂಚಿನ ಹಿರಿಯರು ಕುಳಿತಿದ್ದರು. ಹುಡುಗಿಯ ಕಾಕಾ ಫಕೀರಪ್ಪ.

ನಾನು ಅಣ್ಣನ ಬೆನ್ನ ಹಿಂದೆ ಸರಿದೆ. ಅವ್ವ ಮಾತ್ರ ಸಂಭ್ರಮದಲ್ಲಿದ್ದಳು. "ಇವ ದೊಡ್ಡಾವ, ಶಂಕರ. ಅಂಗಿ ಯಾಕೋ ಹಿಂಗಾಗೈತಿ? ಇವ ಸಣ್ಣಾವ, ಬಸು. ನಂಬರ್ ಪ್ಲೇಟ್ ಭಾಳ ಚಂದ ಮಾಡ್ತಾನ್ರಿ!"

ಅವಲಕ್ಕಿಯ ತಾಟು ಬಂತು. ಫಕೀರಪ್ಪ ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಮ್ಮಾ, ಯಲ್ಲಾಪುರದಾಗ ಡ್ರಾಪ್ ತಗೊಂಡಾವ ನೀನ ಅಲ್ಲೇನು? ಈ ಮನಷ್ಯಾ ಯಾರೋ ಗೊತ್ತಿಲ್ಲ ಅಂದಿ. ಈಗ ತಮ್ಮ ಹೆಂಗ ಆದಿ? ನಮಗ ಸುಳ್ಳ ಹೇಳಾವ್ರು ಬ್ಯಾಡ. ಯಾರ ಸುಳ್ಳ ಹೇಳಿದ್ರಿ, ಅದನ್ನಷ್ಟ ಹೇಳಿ ಚಹಾ ಕುಡೀರಿ."

ಹುಡುಗಿಯ ಅಪ್ಪ ಅವಲಕ್ಕಿಯ ತಾಟು ಕೆಳಗಿಟ್ಟರು. ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಈಗಲಾದರೂ ನಾನು ಹೇಳಬೇಕಿತ್ತು. ಬಾಯಿ ತುಂಬ ಅವಲಕ್ಕಿ ಇತ್ತು. ಅವಲಕ್ಕಿ ಇರದಿದ್ದರೂ ಹೇಳುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಣ್ಣ ಕೈಯ ಕರಿ ಬಣ್ಣ ನೋಡಿಕೊಳ್ಳುತ್ತ ಹೇಳಿದ: "ಡ್ರಾಪ್ ಅಂದದ್ದು ಖರೇನ ರೀ ಕಾಕಾ. ಇವ ಹುಟ್ಟಿದಾಗಿಂದ ನನ್ನ ಮ್ಯಾಲ ಡ್ರಾಪ್ ತಗೋತಾನ. ಮೊದಲ ಬಗಲಾಗ, ಆಮ್ಯಾಲ ಸೈಕಲ್ ಮ್ಯಾಲ, ಈಗ ಗಾಡಿ ಮ್ಯಾಲ. ಇನ್ನೂ ಇಳದಿಲ್ಲ. ಗೊತ್ತಿಲ್ಲ ಅಂದದ್ದು ಸುಳ್ಳು. ಅಂಜಿ ಹೇಳ್ಯಾನ. ಕೈ ಚಲೋ ಐತ್ರಿ ಇವಂದು, ಧೈರ್ಯ ಕಡಿಮಿ. ಬಸು ಆರ್ಟ್ಸ್ ಅಂದ್ರ ಇವನ."

ಒಳಗಿನ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವರ ಕೈಯ ತಾಟಿನಲ್ಲಿದ್ದ ಚಹಾದ ಕಪ್ಪುಗಳು ಗಲಗಲ ಅಂದವು. ಫಕೀರಪ್ಪ ಕಾಕಾ ಸ್ವಲ್ಪ ಹೊತ್ತು ಮೀಸೆ ತಿರುವಿದರು, ಆಮೇಲೆ ಹೊಟ್ಟೆ ಅಲ್ಲಾಡಿಸಿ ನಕ್ಕರು.

"ಹಂಗಾರ ನಂಬರ್ ಬರಿಯಾವ ಬಾಜೂ ನಿಂತಿದ್ರೂ ನೀ ಕುಂತು ಬರದ್ಯಲ್ಲೋ! ಹವಾಲ್ದಾರಗ ಯಾಕ ತೋರಸ್ಲಿಲ್ಲ?"

"ನನ್ನ ತಮ್ಮ ಅಲ್ಲೇನ್ರಿ?" ಎಂದ ಅಣ್ಣ.

ಹುಡುಗಿಯ ಅಪ್ಪ ಬಾಗಿಲಿಗೆ ಹೋಗಿ ಗಾಡಿಯ ಹಿಂಭಾಗವನ್ನು ನೋಡಿ ಬಂದರು. ಪರ್ಮನೆಂಟ್ ಏನು ಎಂದು ಕೇಳಿದರು. ಅಣ್ಣ ಎಂದಿನಂತೆ, "ಇಲ್ರಿ, ಕಾಂಟ್ರಾಕ್ಟ್" ಎಂದ. ಚಹಾ ಮುಗಿಯಲಿಲ್ಲ. ಎರಡನೇ ಕಪ್ಪು ಬಂತು.

ಮಳೆಗಾಲದ ಮುಂಚೆ ಮದುವೆಯಾಯಿತು. "ಅಂಥಾ ಸೊಟ್ಟ ಅಕ್ಷರದಾಗ ಸುಳ್ಳ ಬರಿಯಾಕ ಆಗಂಗಿಲ್ಲ ಅಂದ ನಮ್ಮಪ್ಪ" ಎಂದು ವೈನಿ ರೇಣುಕಾ ಈಗಲೂ ನಗುತ್ತಾಳೆ. ನಾನು ಎಷ್ಟು ಬೇಡಿಕೊಂಡರೂ ಅಣ್ಣ ಆ ಪ್ಲೇಟನ್ನು ಬದಲಿಸಲು ಬಿಡಲಿಲ್ಲ. ಈಚೆಗೆ ಸರಕಾರದ ಹೊಸ ಪ್ಲೇಟು ಕಡ್ಡಾಯವಾದಾಗಲೇ ಅದು ಇಳಿದದ್ದು. ನಂಬರು ಈಗ ಅಚ್ಚಿನಲ್ಲೇ ಬರುತ್ತದೆ. ನನ್ನ ಅಂಗಡಿಗೆ ಉಳಿದಿರುವುದು ದೇವರುಗಳು ಮತ್ತು ಹಕ್ಕಿಗಳು. ಹಳೆಯ ಪ್ಲೇಟನ್ನು ವೈನಿ ಬಚ್ಚಲ ಒಲೆಗೆ ಗಾಳಿ ತಾಗದಂತೆ ಅಡ್ಡ ಇಟ್ಟಿದ್ದಾಳೆ. ಸ್ನಾನಕ್ಕೆ ಹೋದಾಗಲೆಲ್ಲ ಆ ಕುಡುಕರ ಸಾಲು ನನ್ನನ್ನು ನೋಡುತ್ತದೆ.

ಅಣ್ಣ ಒಂದು ದಿನವೂ ಬೈಯಲಿಲ್ಲ. ಆದರೆ ಅಂದಿನಿಂದ ನಾನು ಅವನ ಹಿಂದೆ ಗಾಡಿ ಹತ್ತಿದಾಗಲೆಲ್ಲ ಕೇಳುತ್ತಾನೆ: "ಎಲ್ಲಿ ಬಿಡ್ಲಿರಿ?" ಮಾರ್ಕೆಟ್ಟಿಗೆ ಹೊರಟರೂ ಅದೇ, ಅವ್ವನನ್ನು ದವಾಖಾನೆಗೆ ಸೇರಿಸಿ ಬರುವಾಗಲೂ ಅದೇ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಹೋದ ತಿಂಗಳು ವೈನಿಯನ್ನೂ ಮಗುವನ್ನೂ ತವರಿನಿಂದ ಕರೆತರುವ ದಿನ ಗೊತ್ತುಮಾಡಲು ಇಬ್ಬರೂ ಹೊರಟಿದ್ದೆವು. ಅದೇ ಬೇವಿನ ಮರದ ಕೆಳಗೆ ಎಳೆಯ ವಯಸ್ಸಿನ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಪಂಕ್ಚರ್ ಅಂಗಡಿಯಿಂದ ಆ ವಾಸನೆ ಬಂತು. ಅಷ್ಟೇ ಸಾಕಾಯಿತು.

"ನಮ್ಮಣ್ಣರೀ ಇವ!" ಎಂದು ಕೂಗಿದೆ. "ನಮ್ಮ ಸ್ವಂತ ಅಣ್ಣ! ಒಂದ ತಾಯಿ ಮಕ್ಕಳ್ರಿ ನಾವು!"

ಪೊಲೀಸ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. "ನಾ ಏನರ ಕೇಳಿದ್ನೇನಪಾ? ನಿನ್ನ ಹೆಲ್ಮೆಟ್ ಎಲ್ಲೈತಿ?"

ಅಣ್ಣನ ತಲೆಯ ಮೇಲೆ ಇತ್ತು. ನನ್ನದು ಅಂಗಡಿಯಲ್ಲಿತ್ತು, ಅದರ ಮೇಲೆ ಹದ್ದು ಅಂಟಿಸಿ ಒಣಗಲು ಇಟ್ಟಿದ್ದೆ.

"ತಪ್ಪು ನಂದ್ರಿ. ಚೀಟಿ ನನ್ನ ಹೆಸರಿಲೆ ಬರೀರಿ," ಎಂದೆ. ಇಷ್ಟು ವರ್ಷ ಕಾಯ್ದಿಟ್ಟ ಮಾತು ಅದು. ಎದೆ ಹಗುರಾಯಿತು.

"ಹಿಂದ ಕುಂತಾವ ಹಾಕಿಲ್ಲಂದ್ರೂ ಚೀಟಿ ಗಾಡಿ ಹೊಡಿಯಾವನ ಹೆಸರಿಗೇ ಆಗತೈತಿ," ಎಂದು ಅವನು ಅಣ್ಣನ ಹೆಸರು ಕೇಳಿ ಬರೆದುಕೊಂಡ.

ಅಣ್ಣ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟ. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾನೆಯೇ ಎಂದು ಬಗ್ಗಿ ನೋಡಿದೆ. ನಗುತ್ತಿದ್ದ. ಗಾಡಿ ಚಾಲೂ ಮಾಡಿದ. ನಾನು ಹತ್ತಿ ಕುಳಿತು, ಆ ಪ್ರಶ್ನೆಗಾಗಿ ತಲೆ ತಗ್ಗಿಸಿ ಕಾದೆ.

"ಕುಂತ್ಯಾ?" ಎಂದ.

"ಕುಂತೆ."

"ಬಿಗಿ ಹಿಡ್ಕೋ. ಮುಂದ ಗೋವಿನಜೋಳ ಹಾಕ್ಯಾರ."